ಕಂಪನಿಗಿಂತ ದೊಡ್ಡದಾದ ಹೆಸರು: ಗುಬ್ಬಿ ವೀರಣ್ಣ

ತುಮಕೂರು ಹೆದ್ದಾರಿಯ ಒಂದು ಬದಿಗೆ ಬಾಗಲಗುಂಟೆ, ಇನ್ನೊಂದು ಬದಿಗೆ ಪೀಣ್ಯ ಕೈಗಾರಿಕಾ ಪ್ರದೇಶ. ಇಲ್ಲಿನ ಸಣ್ಣ ಕಾರ್ಖಾನೆಗಳಲ್ಲಿ ಹಲವು, ಒಬ್ಬ ವ್ಯಕ್ತಿಯ ಛಲದಿಂದ ಹುಟ್ಟಿದವು. ಬ್ಯಾಂಕಿನ ಸಾಲ, ಗಿರಾಕಿಯ ನಂಬಿಕೆ, ಕಾರ್ಮಿಕರ ನಿಷ್ಠೆ ಎಲ್ಲವೂ ಅಲ್ಲಿ ಯಜಮಾನರ ಮುಖ ನೋಡಿ ಬರುತ್ತವೆ. ಆ ಮುಖ ಮರೆಯಾದ ಮೇಲೆ ಸಂಸ್ಥೆಯ ಗತಿ ಏನು? ಇದೇ ಹೆದ್ದಾರಿಯಲ್ಲಿ ಸಾಗಿ ತುಮಕೂರು ದಾಟಿದರೆ ಸಿಗುವ ಗುಬ್ಬಿಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ಒಂದು ಜೀವನಕಥೆಯಿದೆ.

ಗುಬ್ಬಿಯ ಕೆಲವು ನಾಟಕಾಸಕ್ತರು ಕೂಡಿ 1884ರಲ್ಲಿ ಒಂದು ಮಂಡಳಿಯನ್ನು ಕಟ್ಟಿದರು. ಊರ ದೇವರಾದ ಚನ್ನಬಸವೇಶ್ವರನ ಹೆಸರನ್ನು ಅದಕ್ಕೆ ಇಟ್ಟರು. ವೀರಣ್ಣನವರು ಹುಟ್ಟಿದ್ದು ಏಳು ವರ್ಷಗಳ ನಂತರ, 1891ರಲ್ಲಿ. ಎಳವೆಯಲ್ಲಿಯೇ ಬಾಲನಟನಾಗಿ ಕಂಪನಿ ಸೇರಿದ ಅವರು 1910ರ ದಶಕ ಮುಗಿಯುವ ಮೊದಲೇ ಅದರ ಒಡೆಯರಾದರು. ಅಂದಿನಿಂದ ಜನರ ಬಾಯಲ್ಲಿ ಅದು ಗುಬ್ಬಿ ವೀರಣ್ಣನವರ ಕಂಪನಿಯೇ ಆಯಿತು. ಸ್ಥಾಪಕರ ಹೆಸರುಗಳು ಮರೆತುಹೋದವು. ದೇವರ ಹೆಸರೂ ಹಿಂದೆ ಸರಿಯಿತು.

ಈ ವರ್ಚಸ್ಸು ಬಂದದ್ದೆಲ್ಲಿಂದ? ಮೊದಲನೆಯದಾಗಿ, ಅವರು ಗಲ್ಲಾಪೆಟ್ಟಿಗೆಯ ಮುಂದೆ ಮಾತ್ರ ಕುಳಿತ ಮಾಲೀಕರಲ್ಲ. ಬಣ್ಣ ಹಚ್ಚಿ ಪ್ರೇಕ್ಷಕರನ್ನು ನಗಿಸುತ್ತಿದ್ದ ಹಾಸ್ಯನಟರು. ಸದಾರಮೆ ನಾಟಕದ ಕಳ್ಳನ ಪಾತ್ರದಲ್ಲಿ ಅವರನ್ನು ಕಾಣಲೆಂದೇ ಜನ ಬರುತ್ತಿದ್ದರು. ಕಂಪನಿಯ ಅತ್ಯುತ್ತಮ ಸರಕು ಸ್ವತಃ ಅದರ ಯಜಮಾನರೇ ಆಗಿದ್ದರು. ಎರಡನೆಯದಾಗಿ, ಅವರ ಧೈರ್ಯ. ಗಂಡಸರೇ ಹೆಣ್ಣು ಪಾತ್ರ ಮಾಡುತ್ತಿದ್ದ ಕಾಲದಲ್ಲಿ ಸ್ತ್ರೀಯರನ್ನು ರಂಗಕ್ಕೆ ತಂದವರಲ್ಲಿ ಅವರು ಪ್ರಮುಖರು. ಪತ್ನಿ ಬಿ. ಜಯಮ್ಮನವರು ಕಂಪನಿಯ ನಾಯಕಿಯಾಗಿ ಮೆರೆದರು. ಬೆಳ್ಳಾವೆ ನರಹರಿಶಾಸ್ತ್ರಿ, ಬಿ. ಪುಟ್ಟಸ್ವಾಮಯ್ಯ ಮುಂತಾದವರು ಕಂಪನಿಗೆ ನಾಟಕಗಳನ್ನು ಬರೆದುಕೊಟ್ಟರು. 1934ರಲ್ಲಿ ಕುರುಕ್ಷೇತ್ರ ನಾಟಕಕ್ಕಾಗಿ ಜೀವಂತ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಾಗ ನಾಡೇ ಬೆರಗಾಯಿತು. ಲೆಕ್ಕದ ಪುಸ್ತಕವನ್ನಷ್ಟೇ ನಂಬಿದ ಯಾವ ವ್ಯಾಪಾರಿಯೂ ಇಂತಹ ಸಾಹಸಕ್ಕೆ ಕೈಹಾಕುತ್ತಿರಲಿಲ್ಲ. ಮೈಸೂರು ಅರಸರಿಂದ ನಾಟಕರತ್ನ ಎಂಬ ಬಿರುದೂ ಅವರಿಗೆ ಸಂದಿತು.

ವರ್ಚಸ್ಸಿನ ಮತ್ತೊಂದು ಫಲವೆಂದರೆ, ಅದು ಪ್ರತಿಭಾವಂತರನ್ನು ಸೆಳೆಯಿತು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಹಾಗೂ ಅವರ ಮಗ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಇವರೆಲ್ಲ ಆ ಗರಡಿಯಲ್ಲಿ ಪಳಗಿದವರು. ಮನೆ ಬಿಟ್ಟು ಬಂದು ಕಂಪನಿ ಸೇರಿದ್ದ ಬಿ.ವಿ. ಕಾರಂತರನ್ನು ವೀರಣ್ಣನವರು ಹೆಚ್ಚಿನ ಓದಿಗೆಂದು ಬನಾರಸಿಗೆ ಕಳುಹಿಸಿದರು. ಓದಿದ ಹುಡುಗ ಮರಳಿ ಕಂಪನಿಗೇ ದುಡಿಯುತ್ತಾನೆಂಬ ಖಾತ್ರಿ ಏನೂ ಇರಲಿಲ್ಲ. ಲಾಭ-ನಷ್ಟದ ತಕ್ಕಡಿಯಲ್ಲಿ ತೂಗಿದರೆ ಇದು ವ್ಯವಹಾರವೇ ಅಲ್ಲ. ಆದರೆ ಅದೇ ಕಾರಂತರು ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದರು.

ಇನ್ನು ನಾಣ್ಯದ ಮತ್ತೊಂದು ಮುಖ. ಸಂಚಾರಿ ನಾಟಕ ಕಂಪನಿಯೆಂದರೆ ಊರಿಂದೂರಿಗೆ ಸಾಗುವ ಒಂದು ಪುಟ್ಟ ಸಂಸಾರ. ಪರದೆ, ಪೋಷಾಕು, ದೀಪದ ಸಾಮಗ್ರಿಗಳ ಸಾಗಣೆ, ಎಲ್ಲರಿಗೂ ಎರಡು ಹೊತ್ತಿನ ಊಟ, ಸಂಬಳ - ಇವಿಷ್ಟೂ ಆಯಾ ರಾತ್ರಿಯ ಟಿಕೆಟ್ ಹಣದಿಂದಲೇ ನಡೆಯಬೇಕು. ಇಂತಹ ಉದ್ಯಮದಲ್ಲಿ ಯಜಮಾನನ ಊಹೆ ಸರಿಯಾದರೆ ಎಲ್ಲರಿಗೂ ಹಬ್ಬ, ತಪ್ಪಿದರೆ ಎಲ್ಲರಿಗೂ ಉಪವಾಸ. ಎಲ್ಲರ ಗೌರವಕ್ಕೂ ಪಾತ್ರನಾದವನಿಗೆ ಎದುರು ನಿಂತು ಬೇಡ ಎನ್ನುವವರು ಯಾರು?

1930ರ ದಶಕದ ಆರಂಭದಲ್ಲಿ ವೀರಣ್ಣನವರು ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಮೂಲಕ ಹರಿಮಾಯಾ ಮುಂತಾದ ಮೂಕಿ ಚಿತ್ರಗಳಿಗೆ ಬಂಡವಾಳ ಹೂಡಿದರು. ದುರದೃಷ್ಟವೆಂದರೆ, ಮಾತನಾಡುವ ಚಿತ್ರಗಳು ಬಾಗಿಲಿಗೆ ಬಂದು ನಿಂತಿದ್ದವು. ಆಲಂ ಆರಾ ತೆರೆಕಂಡದ್ದು 1931ರಲ್ಲಿ. ಕನ್ನಡದ ಸತಿ ಸುಲೋಚನ ಬಂದದ್ದು 1934ರಲ್ಲಿ. ಮೂಕಿಯ ಸಾಹಸ ಬಹುಕಾಲ ಬಾಳಲಿಲ್ಲ. ಹಾಗೆಂದು ಅವರು ಸೋತು ಕೂರಲೂ ಇಲ್ಲ. 1942ರಲ್ಲಿ ಜೀವನ ನಾಟಕ, 1946ರಲ್ಲಿ ಹೇಮರೆಡ್ಡಿ ಮಲ್ಲಮ್ಮ ಚಿತ್ರಗಳು ಬಂದವು. 1954ರ ಬೇಡರ ಕಣ್ಣಪ್ಪ ರಾಜ್‌ಕುಮಾರ್ ಅವರನ್ನು ನಾಯಕನಟರನ್ನಾಗಿಸಿತು. ವಿಪರ್ಯಾಸವನ್ನು ಗಮನಿಸಿ: ವೀರಣ್ಣನವರೇ ಪೋಷಿಸಿದ ಸಿನಿಮಾ, ಅವರ ನಾಟಕ ಕಂಪನಿಯ ಪ್ರೇಕ್ಷಕರನ್ನೂ ಕಲಾವಿದರನ್ನೂ ಒಬ್ಬೊಬ್ಬರನ್ನಾಗಿ ತನ್ನತ್ತ ಸೆಳೆದುಕೊಂಡಿತು.

1972ರಲ್ಲಿ ಅವರಿಗೆ ಪದ್ಮಶ್ರೀ ಗೌರವ ದೊರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ಕಣ್ಮುಚ್ಚಿದರು. ಅವರ ನಂತರ ಕಂಪನಿ ಹಳೆಯ ವೈಭವಕ್ಕೆ ಮರಳಲಿಲ್ಲ. ಕಾಲ ಬದಲಾಗಿದ್ದುದು ನಿಜ. ಆದರೆ ಒಬ್ಬರ ಮುಖವೇ ಬಂಡವಾಳವಾಗಿದ್ದಾಗ, ಆ ಬಂಡವಾಳವನ್ನು ಉಯಿಲಿನಲ್ಲಿ ಬರೆದುಕೊಡಲು ಬರುವುದಿಲ್ಲ ಎಂಬುದೂ ಅಷ್ಟೇ ನಿಜ. ಮೊಮ್ಮಗಳು ಬಿ. ಜಯಶ್ರೀ ಅವರು ರಂಗಭೂಮಿಯಲ್ಲಿ ಹೆಸರು ಮಾಡಿದ್ದು ಸ್ಪಂದನ ಎಂಬ ತಮ್ಮದೇ ತಂಡವನ್ನು ಕಟ್ಟಿ.

ಕರಾವಳಿಯ ಒಂದು ನಿದರ್ಶನವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಗೂ ಡಾ. ಟಿ.ಎಂ.ಎ. ಪೈ ಅವರಂತಹ ವರ್ಚಸ್ವಿ ನಾಯಕರಿದ್ದರು. ಆದರೆ 1928ರಲ್ಲಿ ಶುರುವಾದ ಪಿಗ್ಮಿ ಠೇವಣಿಗೆ ಪ್ರತಿದಿನ ಮನೆಬಾಗಿಲಿಗೆ ಹೋಗಿ ಹಣ ಸಂಗ್ರಹಿಸುತ್ತಿದ್ದವರು ಸಾಮಾನ್ಯ ಏಜೆಂಟರು. ನಾಯಕನ ನಂಬಿಕೆ ಅಲ್ಲಿ ಒಂದು ಪದ್ಧತಿಯಾಗಿ ಮಾರ್ಪಟ್ಟಿತು. 1969ರಲ್ಲಿ ರಾಷ್ಟ್ರೀಕರಣವಾದ ನಂತರವೂ ಅದು ನಡೆಯಿತು. 2020ರಲ್ಲಿ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗುವ ತನಕ ಆ ಹೆಸರು ಉಳಿಯಿತು. ಹಾಸ್ಯನಟನ ಸಮಯಪ್ರಜ್ಞೆಯನ್ನು ಹಾಗೆ ಪದ್ಧತಿಯಾಗಿಸುವುದು ಸುಲಭವಲ್ಲ, ಒಪ್ಪೋಣ. ಆದರೂ ಎರಡನೆಯ ಸಾಲಿನ ನಾಯಕರನ್ನು ಬೆಳೆಸುವುದು ಯಾವ ಉದ್ಯಮಕ್ಕೂ ಅಸಾಧ್ಯವಲ್ಲ.

ವೀರಣ್ಣನವರು ಕಲಾವಿದರನ್ನು ಧಾರಾಳವಾಗಿ ಬೆಳೆಸಿದರು. ಆದರೆ ಬೆಳೆದವರು ಹೊರಗೆ ಹೋಗಿ ದೊಡ್ಡವರಾದರೇ ಹೊರತು ಒಳಗಿದ್ದು ಯಜಮಾನರಾಗಲಿಲ್ಲ. ಇದರಿಂದ ಕನ್ನಡ ನಾಡಿಗೆ ಆದ ಲಾಭ ಅಪಾರ, ನಷ್ಟ ಕಂಪನಿಯೊಂದರದೇ. ತಮ್ಮ ಆತ್ಮಕಥೆಗೆ ಕಲೆಯೇ ಕಾಯಕ ಎಂದು ಹೆಸರಿಟ್ಟ ಆ ಹಿರಿಯರಿಗೆ ಈ ಲೆಕ್ಕ ಒಪ್ಪಿಗೆಯಾಗಿತ್ತೇನೋ. ಆದರೆ ತಿಂಗಳ ಮೊದಲ ವಾರದ ಸಂಬಳಕ್ಕೆ ಕಾದಿರುವ ಕುಟುಂಬಗಳ ಹೊಣೆ ಹೊತ್ತ ಉದ್ಯಮಿಗಳು, ತಮ್ಮ ಹೆಸರು ಸಂಸ್ಥೆಯ ಹೆಸರನ್ನು ಮೀರಿ ಬೆಳೆಯುತ್ತಿರುವಾಗ ಸಂತೋಷದ ಜೊತೆಗೆ ತುಸು ಎಚ್ಚರವನ್ನೂ ಇಟ್ಟುಕೊಳ್ಳುವುದು ಒಳಿತು.