ಲೆಗೊ ಇಟ್ಟಿಗೆ ಹುಟ್ಟಿದ್ದು ಬೂದಿಯಿಂದಲೇ? ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಅವರ ನಿಜವಾದ ಕಥೆ

ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಪುಟ್ಟ ಆಟಿಕೆ ಅಂಗಡಿ ಕಟ್ಟುವ ವಿಡಿಯೊವೊಂದು ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಎರಡು ಕೈಗಳು ಸರಸರ ಓಡುತ್ತವೆ. ಗೋಡೆ ಏಳುತ್ತದೆ, ಕಿಟಕಿ ಕೂರುತ್ತದೆ, ಹಿಮ ಬಿದ್ದಂತೆ ಕಾಣುವ ಬಿಳಿ ಚಾವಣಿ ಬರುತ್ತದೆ. ಒಳಗೆ ಬೆರಳ ತುದಿಯಷ್ಟೇ ಇರುವ ಆಟಿಕೆಗಳು! ಆಟಿಕೆಯಿಂದಲೇ ಕಟ್ಟಿದ ಆಟಿಕೆ ಅಂಗಡಿ. ಲೆಗೊ ಕಂಪನಿ ಇಂಥದ್ದೊಂದು ಅಂಗಡಿಯ ಪೆಟ್ಟಿಗೆಯನ್ನು 2009ರಲ್ಲಿ ತಂದಿತ್ತು, ಅದರಲ್ಲಿ 815 ಬಿಡಿಭಾಗಗಳಿದ್ದವು. 2015ರಲ್ಲಿ ಮತ್ತೆ ಬಂದಾಗ ಅವು 898 ಆದವು.

ವಿಡಿಯೊ ಚೆನ್ನಾಗಿದೆ. ತಕರಾರು ಇರುವುದು ಅದರ ಕೆಳಗಿನ ಸಂದೇಶದ ಬಗ್ಗೆ. ಡೆನ್ಮಾರ್ಕಿನ ಬಡ ಬಡಗಿಯೊಬ್ಬನ ಮರದ ಕಾರ್ಖಾನೆ ಸುಟ್ಟುಹೋಯಿತಂತೆ. ಬೂದಿಯ ಮುಂದೆ ಕೂತಿದ್ದಾಗ ಅವನಿಗೆ ಪ್ಲಾಸ್ಟಿಕ್ ಇಟ್ಟಿಗೆಯ ಐಡಿಯಾ ಹೊಳೆಯಿತಂತೆ. ಲ್ಯಾಟಿನ್ ಭಾಷೆಯಲ್ಲಿ ಜೋಡಿಸುತ್ತೇನೆ ಎಂಬ ಅರ್ಥ ಬರುವ ಲೆಗೊ ಎಂಬ ಹೆಸರಿಟ್ಟು ಕೋಟ್ಯಧೀಶನಾದನಂತೆ. ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರಿನಿಂದ ಓದುಗರೊಬ್ಬರು ಇದನ್ನು ನಮಗೆ ಕಳಿಸಿದ್ದಾರೆ. ಮಗಳು ಶಾಲೆಯಲ್ಲಿ ಮೂರು ನಿಮಿಷದ ಭಾಷಣ ಮಾಡಬೇಕಂತೆ, ಇದನ್ನೇ ಬಾಯಿಪಾಠ ಮಾಡಿಸಲೇ ಎಂದು ಕೇಳಿದ್ದಾರೆ.

ನಮ್ಮ ಉತ್ತರ: ಬೇಡ. ಬಡಗಿ ನಿಜ, ಬೆಂಕಿಯೂ ನಿಜ. ಉಳಿದದ್ದು ಕಲಸುಮೇಲೋಗರ. ಅಷ್ಟೇ ಅಲ್ಲ, ಈ ಸಂದೇಶದಿಂದ ಒಬ್ಬ ಮನುಷ್ಯ ಪೂರ್ತಿ ಕಾಣೆಯಾಗಿದ್ದಾನೆ. ಅವನ ವಿಷಯಕ್ಕೆ ಆಮೇಲೆ ಬರೋಣ.

ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಹುಟ್ಟಿದ್ದು 1891ರ ಏಪ್ರಿಲ್ 7ರಂದು, ಡೆನ್ಮಾರ್ಕಿನ ಜಟ್‌ಲ್ಯಾಂಡ್ ಭಾಗದ ಫಿಲ್ಸ್ಕೋವ್ ಎಂಬ ಹಳ್ಳಿಯ ಬಳಿ. ಮನೆ ತುಂಬ ಮಕ್ಕಳಿದ್ದ ಬಡ ಕುಟುಂಬ. ಅಣ್ಣನ ಕೈಕೆಳಗೆ ಬಡಗಿ ಕೆಲಸ ಕಲಿತು, ಜರ್ಮನಿ ಮತ್ತು ನಾರ್ವೆಯಲ್ಲಿ ಕೆಲವು ವರ್ಷ ದುಡಿದು ಊರ ಕಡೆ ಮರಳಿದರು. 1916ರಲ್ಲಿ ಬಿಲ್ಲುಂಡ್ ಎಂಬ ಊರಿನಲ್ಲಿ ಒಂದು ಮರಗೆಲಸದ ಕಾರ್ಖಾನೆ ಕೊಂಡರು. ಅದೇ ವರ್ಷ ಕ್ರಿಸ್ಟೀನ್ ಅವರೊಂದಿಗೆ ಮದುವೆಯಾಯಿತು. ಬಿಲ್ಲುಂಡ್ ಎಂದರೆ ಈಗ ವಿಮಾನ ನಿಲ್ದಾಣವಿರುವ ಊರು. ಆಗ ಮಾತ್ರ ಬಯಲಿನ ನಡುವೆ ಬೆರಳೆಣಿಕೆಯ ಮನೆಗಳು. ಬಾಗಿಲು, ಕಿಟಕಿ, ಬೀರು, ರೈತರಿಗೆ ಬೇಕಾದ ಸಾಮಾನು ಮಾಡಿಕೊಡುವುದು ಅವರ ಕಸುಬು. ನಮ್ಮ ಯಾವ ಹೋಬಳಿಯಲ್ಲಾದರೂ ಕಾಣುವಂಥ ಬಡಗಿ.

ಮೊದಲ ಬೆಂಕಿ 1924ರಲ್ಲಿ. ಮನೆಯ ಇಬ್ಬರು ಚಿಕ್ಕ ಹುಡುಗರು ಗೋಂದು ಕಾಯಿಸುವ ಒಲೆ ಹಚ್ಚಲು ಹೋದರು, ಸುತ್ತಲಿದ್ದ ಮರದ ಚಕ್ಕೆಗಳಿಗೆ ಕಿಡಿ ತಾಗಿತು. ಕಾರ್ಖಾನೆ, ಮನೆ ಎರಡೂ ಹೋದವು. ಆ ಇಬ್ಬರಲ್ಲಿ ಒಬ್ಬನ ಹೆಸರು ಗಾಟ್‌ಫ್ರೆಡ್, ಆಗಿನ್ನೂ ನಾಲ್ಕು ತುಂಬಿರಲಿಲ್ಲ. ಈ ಹುಡುಗನನ್ನು ನೆನಪಿಟ್ಟುಕೊಳ್ಳಿ. ಓಲೆ ಕಿರ್ಕ್ ಮೊದಲಿಗಿಂತ ದೊಡ್ಡ ಕಟ್ಟಡ ಕಟ್ಟಿಸಿದರು. ಪ್ಲಾಸ್ಟಿಕ್ಕಿನ ಮಾತೇ ಆಗ ಇರಲಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು 1932ರಲ್ಲಿ. ಜಗತ್ತಿನಾದ್ಯಂತ ಆರ್ಥಿಕ ಕುಸಿತ. ರೈತರ ಕೈಯಲ್ಲಿ ಕಾಸಿಲ್ಲ, ಮನೆ ಕಟ್ಟುವವರಿಲ್ಲ. ಅದೇ ವರ್ಷ ಹೆಂಡತಿ ತೀರಿಕೊಂಡರು. ನಾಲ್ಕು ಗಂಡುಮಕ್ಕಳು, ಮೇಲೆ ಸಾಲ. ಆಗ ಅವರು ಏಣಿ, ಇಸ್ತ್ರಿ ಹಲಗೆಗಳಂಥ ಸಣ್ಣ ಸಾಮಾನು ಮಾಡತೊಡಗಿದರು, ಜೊತೆಗೆ ಮಿಕ್ಕ ಮರದಿಂದ ಆಟಿಕೆ. ಒಡಹುಟ್ಟಿದವರು ಸಾಲಕ್ಕೆ ಜಾಮೀನು ನಿಂತರೂ, ಆಟಿಕೆ ಬಿಟ್ಟು ಉಪಯೋಗದ ಕೆಲಸವೇನಾದರೂ ಮಾಡಬಾರದೇ ಎಂದು ಗೊಣಗಿದರು. ಅವರನ್ನು ದೂರುವಂತಿಲ್ಲ, ಸಾಲ ತಲೆಯ ಮೇಲಿದ್ದಾಗ ಮರದ ಕಾರು ಕೆತ್ತುತ್ತ ಕೂತ ತಮ್ಮನಿಗೆ ನಾವಾದರೂ ಅದನ್ನೇ ಹೇಳುತ್ತಿದ್ದೆವು. ಓಲೆ ಕಿರ್ಕ್ ಕೇಳಲಿಲ್ಲ. ದುಡ್ಡಿಲ್ಲದವರಿಂದ ದವಸ ಪಡೆದು ಆಟಿಕೆ ಕೊಟ್ಟದ್ದೂ ಉಂಟು. ಯೋಯೋ ಆಟದ ಹುಚ್ಚು ಎದ್ದಾಗ ರಾಶಿ ಯೋಯೋ ಮಾಡಿದರು. ಹುಚ್ಚು ಇಳಿದಾಗ ಮಿಕ್ಕವನ್ನು ಸೀಳಿ ಆಟಿಕೆ ಲಾರಿಗಳ ಚಕ್ರ ಮಾಡಿದರು.

ಹೆಸರಿನ ವಿಷಯ ಇಲ್ಲಿಯೇ ಮುಗಿಸಿಬಿಡೋಣ. ಲೆಗೊ ಎಂಬುದು ಡೇನಿಷ್ ಭಾಷೆಯ ಲೈ ಮತ್ತು ಗಾಟ್ ಎಂಬ ಎರಡು ಪದಗಳ ಮೊದಲ ಎರಡೆರಡು ಅಕ್ಷರ ಕೂಡಿಸಿ ಮಾಡಿದ್ದು. ಅರ್ಥ, ಚೆನ್ನಾಗಿ ಆಡು. ಬರಹದಲ್ಲಿ ಆ ಪದಗಳು ಎಲ್‌ಇಜಿ, ಜಿಒಡಿಟಿ. ಹೆಸರು ಬಂದದ್ದು 1930ರ ದಶಕದ ನಡುವಿನಲ್ಲಿ, ಮರದ ಆಟಿಕೆಗಳಿಗೆ. ಜೋಡಿಸುವ ಇಟ್ಟಿಗೆ ಆಗ ಯಾರ ತಲೆಯಲ್ಲೂ ಇರಲಿಲ್ಲ. ಲ್ಯಾಟಿನ್ ಅರ್ಥ ಹೊಂದಿಕೊಂಡದ್ದು ಆಮೇಲೆ ಗಮನಕ್ಕೆ ಬಂದ ಕಾಕತಾಳೀಯ.

ಆ ಕಾಲದ ಅವರ ಹೆಸರಾಂತ ಆಟಿಕೆ ಒಂದು ಮರದ ಬಾತುಕೋಳಿ. ದಾರ ಕಟ್ಟಿ ಎಳೆದರೆ ಕೊಕ್ಕು ಬಡಿಯುತ್ತ ಬರುತ್ತದೆ. ಚನ್ನಪಟ್ಟಣದ ಬೊಂಬೆಗೆ ತಿರುಗುವ ಲೇತ್ ಮೇಲೆ ಅರಗಿನ ಕಡ್ಡಿ ಒತ್ತಿ ಹೊಳಪು ತರುತ್ತಾರಲ್ಲ, ಈ ಬಾತುಕೋಳಿಗೆ ವಾರ್ನಿಷನ್ನು ಮೂರು ಸಲ ಬಳಿಯುತ್ತಿದ್ದರು. ಒಂದು ಸಂಜೆ ಮಗ ಗಾಟ್‌ಫ್ರೆಡ್ ಖುಷಿಯಿಂದ ಬಂದು, ಈ ಸಲದ ಮಾಲಿಗೆ ಎರಡೇ ಸಲ ಬಳಿದು ಕಂಪನಿಗೆ ಹಣ ಉಳಿಸಿದೆ ಎಂದು ಹೇಳಿಕೊಂಡ. ಪೆಟ್ಟಿಗೆಗಳು ಅಷ್ಟರಲ್ಲಿ ರೈಲು ನಿಲ್ದಾಣ ಸೇರಿದ್ದವು. ಅಪ್ಪ ಅವನ್ನೆಲ್ಲ ವಾಪಸ್ ತರಿಸಿ, ಮೂರನೇ ಬಳಿತ ಮುಗಿಸಿ, ಮತ್ತೆ ಕಟ್ಟಿ ನಿಲ್ದಾಣಕ್ಕೆ ಮುಟ್ಟಿಸು ಎಂದರು. ರಾತ್ರಿಯೆಲ್ಲ ಆದರೂ ಸರಿ, ಒಬ್ಬನೇ ಮಾಡಬೇಕು. ಗಾಟ್‌ಫ್ರೆಡ್ ದೊಡ್ಡವರಾದ ಮೇಲೆ ಇದನ್ನು ತಾವೇ ಹೇಳಿಕೊಂಡಿದ್ದಾರೆ. ಇಡೀ ಬದುಕಿನಲ್ಲಿ ನಮಗೆ ಹಿಡಿಸಿದ ಘಟನೆ ಇದೇ, ಆದರೆ ಯಾವ ಫಾರ್ವರ್ಡ್‌ನಲ್ಲೂ ಇದು ಕಾಣುವುದಿಲ್ಲ.

ಎರಡನೇ ದೊಡ್ಡ ಬೆಂಕಿ 1942ರ ಮಾರ್ಚ್‌ನಲ್ಲಿ. ಡೆನ್ಮಾರ್ಕ್ ಆಗ ಜರ್ಮನ್ ಸೇನೆಯ ಹಿಡಿತದಲ್ಲಿತ್ತು. ಕಾರ್ಖಾನೆಯ ಜೊತೆ ಮಾದರಿಗಳು, ನಕ್ಷೆಗಳು ಎಲ್ಲ ಸುಟ್ಟವು. ಓಲೆ ಕಿರ್ಕ್ ಮತ್ತೆ ಕಟ್ಟಿದರು, ಮತ್ತೆ ಮರದ ಆಟಿಕೆಯನ್ನೇ ಮಾಡಿದರು. ಹಾಗಾದರೆ ಬೆಂಕಿ ಬಿದ್ದು ಮರ ಬಿಟ್ಟರು ಎಂಬ ಮಾತು ಎಲ್ಲಿಂದ ಬಂತು? 1960ರಲ್ಲಿ ಮರದ ಆಟಿಕೆಗಳ ಗೋದಾಮಿಗೆ ಬೆಂಕಿ ಬಿತ್ತು, ಕಂಪನಿ ಮರದ ಕೆಲಸ ನಿಲ್ಲಿಸಿದ್ದು ಆಗ. ಅಷ್ಟರಲ್ಲಿ ಓಲೆ ಕಿರ್ಕ್ ತೀರಿಕೊಂಡು ಎರಡು ವರ್ಷವಾಗಿತ್ತು. ಮೂರು ಬೆಂಕಿಗಳನ್ನು ಯಾರೋ ಒಂದೇ ಮಾಡಿ ಅದರ ಮುಂದೆ ಅವರನ್ನು ಕೂರಿಸಿದ್ದಾರೆ.

ಪ್ಲಾಸ್ಟಿಕ್ ಬಂದದ್ದು ಬೂದಿಯಿಂದಲ್ಲ, ಒಂದು ಯಂತ್ರದಿಂದ. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಓಲೆ ಕಿರ್ಕ್ ಬ್ರಿಟನ್ನಿನಲ್ಲಿ ತಯಾರಾದ ಮೋಲ್ಡಿಂಗ್ ಯಂತ್ರವನ್ನು ನೋಡಿದರು. ಪ್ಲಾಸ್ಟಿಕ್ ಹರಳನ್ನು ಕರಗಿಸಿ, ಅಚ್ಚಿನೊಳಗೆ ಒತ್ತಡದಿಂದ ನುಗ್ಗಿಸಿ, ತಣ್ಣಗಾದ ಮೇಲೆ ಹೊರತೆಗೆಯುವ ಯಂತ್ರ. ನಮ್ಮಲ್ಲಿ ಬಕೆಟ್, ಮಗ್ಗು, ಕುರ್ಚಿ ಮಾಡುವುದೂ ಹೀಗೆಯೇ. ಬೆಲೆ 30,000 ಕ್ರೋನರ್. ಹಳ್ಳಿಯ ಆಟಿಕೆ ಕಾರ್ಖಾನೆಗೆ ಅದು ಭಾರಿ ಮೊತ್ತ. ಮನೆಯವರಿಗೆ ಹಿಡಿಸಲಿಲ್ಲ, ಪ್ಲಾಸ್ಟಿಕ್ ನಂಬಿ ಕೆಟ್ಟೇವು ಎಂಬ ಭಯ. ಮಾತು ಕೇಳದ ಗುಣ ಇಲ್ಲೂ ಕೆಲಸ ಮಾಡಿತು. ಯಂತ್ರ ಕೊಂಡರು.

ಯಂತ್ರದ ಸುದ್ದಿಯ ಜೊತೆಗೇ ಬ್ರಿಟನ್ನಿನ ಕೆಲವು ಪ್ಲಾಸ್ಟಿಕ್ ಇಟ್ಟಿಗೆಗಳ ನಮೂನೆಯೂ ಅವರ ಕೈ ಸೇರಿತ್ತು. ಸಂದೇಶದಿಂದ ಕಾಣೆಯಾದ ಮನುಷ್ಯ ಇವುಗಳ ಹಿಂದೆ ಇದ್ದಾರೆ. ಹೆಸರು ಹಿಲರಿ ಫಿಶರ್ ಪೇಜ್. ಹಿಲರಿ ಎಂದ ಕೂಡಲೇ ಹೆಂಗಸು ಎಂದುಕೊಳ್ಳಬೇಡಿ, ಇವರು ಗಂಡಸು. 1904ರಲ್ಲಿ ಹುಟ್ಟಿದವರು, ಕಿಡ್ಡಿಕ್ರಾಫ್ಟ್ ಎಂಬ ಆಟಿಕೆ ಕಂಪನಿ ನಡೆಸುತ್ತಿದ್ದರು. ಮಕ್ಕಳು ಹೇಗೆ ಆಡುತ್ತಾರೆ ಎಂದು ಹತ್ತಿರ ಕೂತು ಗಮನಿಸಿ ಅದರ ಬಗ್ಗೆ ಪುಸ್ತಕವನ್ನೇ ಬರೆದಿದ್ದರು. ತಲೆಯ ಮೇಲೆ ಗುಬ್ಬಿಗಳಿದ್ದು ಒಂದರೊಳಗೊಂದು ಕಚ್ಚಿಕೊಳ್ಳುವ ಟೊಳ್ಳು ಇಟ್ಟಿಗೆಗಳನ್ನು 1947ರಲ್ಲಿ ಮಾರುಕಟ್ಟೆಗೆ ತಂದಿದ್ದರು, ಬ್ರಿಟನ್ನಿನಲ್ಲಿ ಪೇಟೆಂಟ್ ಕೂಡ ಪಡೆದಿದ್ದರು.

ಓಲೆ ಕಿರ್ಕ್ ಮತ್ತು ಗಾಟ್‌ಫ್ರೆಡ್ ಆ ಇಟ್ಟಿಗೆಯನ್ನೇ ಆಧಾರವಾಗಿಟ್ಟುಕೊಂಡರು. ಇಂಚಿನ ಅಳತೆಯನ್ನು ಮಿಲಿಮೀಟರಿಗೆ ತಂದರು, ದುಂಡಗಿದ್ದ ಅಂಚುಗಳನ್ನು ಚೂಪು ಮಾಡಿದರು, ಗುಬ್ಬಿಗಳ ತಲೆಯನ್ನು ಚಪ್ಪಟೆ ಮಾಡಿದರು. 1949ರಲ್ಲಿ ಮಾರಾಟಕ್ಕಿಟ್ಟರು. ಇದನ್ನು ನಕಲು ಎನ್ನಬೇಕೇ? ಐಡಿಯಾ ತಮ್ಮದಲ್ಲ ಎಂಬುದಂತೂ ಖಚಿತ. ಲೆಗೊ ಕಂಪನಿಯೇ ತನ್ನ ಇತಿಹಾಸದಲ್ಲಿ ಕಿಡ್ಡಿಕ್ರಾಫ್ಟ್ ಹೆಸರನ್ನು ಹೇಳುತ್ತದೆ. ಪೇಜ್ 1957ರ ಜೂನ್‌ನಲ್ಲಿ ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು. ತಮ್ಮ ಇಟ್ಟಿಗೆ ಡೆನ್ಮಾರ್ಕಿನಲ್ಲಿ ಬೇರೆ ಹೆಸರಿನಲ್ಲಿ ಬೆಳೆಯುತ್ತಿದೆ ಎಂಬುದು ಅವರಿಗೆ ತಿಳಿದೇ ಇರಲಿಲ್ಲ ಎಂದು ಮನೆಯವರು ಹೇಳಿದ್ದಾರೆ. ಕಿಡ್ಡಿಕ್ರಾಫ್ಟ್ ಇಟ್ಟಿಗೆಯ ಹಕ್ಕುಗಳನ್ನು ಲೆಗೊ ಕೊಂಡುಕೊಂಡದ್ದು 1981ರಲ್ಲಿ.

ಹಾಗೆಂದು ಬಿಲ್ಲುಂಡಿನವರು ಏನೂ ಮಾಡಲಿಲ್ಲ ಎನ್ನುವುದೂ ತಪ್ಪು. ಇದು ಅರ್ಥವಾಗಲು ಆ ಆಟಿಕೆ ಅಂಗಡಿಗೇ ಮರಳಬೇಕು.

1949ರ ಇಟ್ಟಿಗೆಯ ಹೊಟ್ಟೆ ಪೂರ್ತಿ ಖಾಲಿ. ಕೆಳಗಿನ ಇಟ್ಟಿಗೆಯ ಗುಬ್ಬಿಗಳನ್ನು ಮೇಲಿನ ಇಟ್ಟಿಗೆಯ ಹೊರಗೋಡೆ ಮಾತ್ರ ಹಿಡಿದುಕೊಳ್ಳಬೇಕು. ನೇರ ಗೋಡೆ ನಿಲ್ಲುತ್ತಿತ್ತು. ಆದರೆ ಅಂಗಡಿಗೆ ಮುಂಚಾಚಿದ ಮಾಡು, ಕಿಟಕಿಯ ಮೇಲಿನ ತೊಲೆ, ಎರಡನೇ ಅಂತಸ್ತು ಬೇಡವೇ? ಎತ್ತಿದರೆ ಬಿಚ್ಚಿಕೊಳ್ಳುತ್ತಿತ್ತು. ಮಾರಾಟವೂ ಸಪ್ಪೆಯಾಗಿತ್ತು. 1951ರಲ್ಲಿ ಓಲೆ ಕಿರ್ಕ್ ಅವರಿಗೆ ಪಾರ್ಶ್ವವಾಯು ಬಡಿಯಿತು, ಭಾರ ನಿಧಾನಕ್ಕೆ ಗಾಟ್‌ಫ್ರೆಡ್ ಹೆಗಲಿಗೆ ಬಂತು. 1954ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕೋಪನ್‌ಹೇಗನ್ನಿನ ದೊಡ್ಡ ಮಳಿಗೆಯೊಂದರ ಆಟಿಕೆ ವಿಭಾಗದವರೊಬ್ಬರು ಗಾಟ್‌ಫ್ರೆಡ್‌ಗೆ ಸಿಕ್ಕರು. ಆಟಿಕೆ ವ್ಯಾಪಾರದಲ್ಲಿ ಒಂದು ವ್ಯವಸ್ಥೆಯೇ ಇಲ್ಲ ಎಂಬುದು ಅವರ ದೂರು. ಮರುವರ್ಷ ಮನೆ, ಅಂಗಡಿ, ರಸ್ತೆಗಳ ಊರನ್ನೇ ಕಟ್ಟಬಹುದಾದ 28 ಪೆಟ್ಟಿಗೆಗಳು ಮತ್ತು 8 ವಾಹನಗಳು ಹೊರಬಂದವು. ಒಂದು ಪೆಟ್ಟಿಗೆಯದು ಇನ್ನೊಂದಕ್ಕೆ ಹೊಂದಲೇಬೇಕು ಎಂಬುದು ನಿಯಮ. ವಿಡಿಯೊದ ಅಂಗಡಿಯ ಅಜ್ಜ ಇದು.

ಕಚ್ಚಿಕೊಳ್ಳುವ ತೊಂದರೆ ಮಾತ್ರ ಉಳಿದಿತ್ತು. ಪರಿಹಾರ ಎಷ್ಟು ಸರಳ ಎಂದು ನೋಡಬೇಕಾದರೆ ಮನೆಯಲ್ಲಿರುವ ಒಂದು ಇಟ್ಟಿಗೆಯನ್ನು ಬೋರಲು ಮಾಡಿ. ಎಂಟು ಗುಬ್ಬಿಯ ಇಟ್ಟಿಗೆಯಾದರೆ ಒಳಗೆ ಮೂರು ಕೊಳವೆಗಳು ಕಾಣುತ್ತವೆ. ಕೆಳಗಿನ ಗುಬ್ಬಿ ಒಂದು ಕಡೆ ಗೋಡೆಗೆ, ಇನ್ನೊಂದು ಕಡೆ ಕೊಳವೆಗೆ ಬಿಗಿಯಾಗಿ ಒತ್ತುತ್ತದೆ. ಪ್ಲಾಸ್ಟಿಕ್ ಕೂದಲೆಳೆಗಿಂತ ಕಡಿಮೆ ಬಾಗಿ, ಮತ್ತೆ ತನ್ನ ಆಕಾರಕ್ಕೆ ಬರಲು ಹವಣಿಸುತ್ತದೆ. ಆ ಹವಣಿಕೆಯೇ ಹಿಡಿತ. ಅಂಟು ಬೇಡ, ಮೊಳೆ ಬೇಡ, ಮಗುವಿನ ಕೈಯಿಂದ ಬಿಚ್ಚಲೂ ಬರುತ್ತದೆ. ಇನ್ನು ಗೋಡೆ ಕಟ್ಟುವ ಕ್ರಮ ನಮ್ಮ ಗೌಂಡಿಗೆ ಹೇಳಿಕೊಡಬೇಕಿಲ್ಲ: ಕೆಳಗಿನ ಸಾಲಿನ ಸಂದಿಯ ಮೇಲೆ ಮೇಲಿನ ಇಟ್ಟಿಗೆಯ ಮಧ್ಯಭಾಗ ಬರಬೇಕು. ಸಂದಿಯ ಮೇಲೆ ಸಂದಿ ಬಂದರೆ ಕೊಹಿನೂರಿನ ಮನೆಯೂ ಬಿರುಕು ಬಿಡುತ್ತದೆ, ಪ್ಲಾಸ್ಟಿಕ್ ಅಂಗಡಿಯೂ ಸೀಳುತ್ತದೆ.

ಕೊಳವೆಯ ಇಟ್ಟಿಗೆಗೆ ಗಾಟ್‌ಫ್ರೆಡ್ ಕೋಪನ್‌ಹೇಗನ್ನಿನಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು, ಮಧ್ಯಾಹ್ನ 1 ಗಂಟೆ 58 ನಿಮಿಷಕ್ಕೆ. ಸರಿಯಾಗಿ 42 ದಿನಗಳ ನಂತರ, ಮಾರ್ಚ್ 11ರಂದು, ಓಲೆ ಕಿರ್ಕ್ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 66. ಈಗ ಜಗತ್ತು ಲೆಗೊ ಎಂದು ಗುರುತಿಸುವ ಇಟ್ಟಿಗೆ ಅಂಗಡಿಗಳನ್ನು ತುಂಬಿದ್ದನ್ನು ಅವರು ನೋಡಲಿಲ್ಲ. ಗಟ್ಟಿಯಾದ ಎಬಿಎಸ್ ಪ್ಲಾಸ್ಟಿಕ್ ಬಳಕೆಗೆ ಬಂದದ್ದು 1963ರಲ್ಲಿ. ಕೊಳವೆ ಅವರು ಮಾಡಿದ್ದಲ್ಲ, ಗುಬ್ಬಿಯೂ ಅವರದಲ್ಲ. ಬಾತುಕೋಳಿಯ ಮೂರನೇ ಬಳಿತ ಅವರದು, ಎಲ್ಲರೂ ಬೇಡವೆಂದಾಗ ಕೊಂಡ ಯಂತ್ರ ಅವರದು.

ಇದೇ ಬಗೆಯ ಇನ್ನೊಂದು ಫಾರ್ವರ್ಡ್ ಕೂಡ ಸಿಗುತ್ತದೆ: ಒಂದೇ ಬಣ್ಣದ, ಎಂಟು ಗುಬ್ಬಿಯ ಆರು ಇಟ್ಟಿಗೆಗಳನ್ನು 10,29,81,500 ವಿಧಗಳಲ್ಲಿ ಜೋಡಿಸಬಹುದು ಎಂಬುದು. ಕಂಪನಿಯೇ ಹಿಂದೆ ಕೊಟ್ಟಿದ್ದ ಲೆಕ್ಕ ಅದು, ಆರೂ ಒಂದರ ಮೇಲೊಂದು ನಿಲ್ಲುವ ಗೋಪುರಗಳನ್ನು ಮಾತ್ರ ಎಣಿಸಿತ್ತು. ಅಗಲಕ್ಕೂ ಹರಡಬಹುದಲ್ಲ! ಡೆನ್ಮಾರ್ಕಿನ ಗಣಿತಜ್ಞ ಸೋರೆನ್ ಐಲರ್ಸ್ ಕಂಪ್ಯೂಟರಿನಿಂದ ಎಣಿಸಿದಾಗ ಬಂದದ್ದು 91,51,03,765.

ಹುಮನಾಬಾದಿನ ಜಾತ್ರೆಯಲ್ಲೋ ಬಸವಕಲ್ಯಾಣದ ಪೇಟೆಯಲ್ಲೋ ಕಡಿಮೆ ಬೆಲೆಯ ಇಟ್ಟಿಗೆ ಕೊಂಡು ಇಂಥ ಅಂಗಡಿ ಕಟ್ಟುವುದರಲ್ಲಿ ತಪ್ಪೇನಿಲ್ಲ. ಹಳೆಯ ಪೇಟೆಂಟ್‌ಗಳ ಅವಧಿ ಮುಗಿದಿದೆ, ಬೇರೆ ಕಂಪನಿಗಳೂ ಮಾಡಬಹುದು. ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತು ಇದೆಯೇ ನೋಡಿ, 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಅದು ಕಡ್ಡಾಯ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಸಣ್ಣ ಇಟ್ಟಿಗೆ ಕೈಗೆ ಸಿಗದಂತಿಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಕೊಹಿನೂರಿನ ಆ ಹುಡುಗಿಯ ಭಾಷಣಕ್ಕೆ ಬೆಂಕಿ, ಬಾತುಕೋಳಿ, ಯಂತ್ರ ಮೂರೂ ಇರಲಿ. ಮೂರು ನಿಮಿಷದಲ್ಲಿ ಅರ್ಧ ನಿಮಿಷ ಹಿಲರಿ ಪೇಜ್ ಅವರಿಗೆ ಕೊಡುವಂತೆ ಅವಳ ಅಪ್ಪನಿಗೆ ಬರೆದಿದ್ದೇವೆ.