ಕೋರ್ಟಿನಲ್ಲಿ ಎಲ್ಲರೂ ಕಂಡರು, ಸುಮ್ಮನೆ ಕೂರದವರು ಕುದ್ಮುಲ್ ರಂಗರಾಯರು

ಬಿಜೂರು: ಅಂಗಡಿಗೆ ಮಾಲು ತರ್ಲಿಕ್ಕೋ ಆಸ್ಪತ್ರೆ ಕೆಲಸಕ್ಕೋ ಇಲ್ಲಿಂದ ಮಂಗಳೂರಿಗೆ ಹೋಗುವವರಿಗೆ ಅಲ್ಲಿನ ಪುರಭವನ ಗೊತ್ತು. ಅದಕ್ಕೆ ಈಗ ಕುದ್ಮುಲ್ ರಂಗರಾವ್ ಅವರ ಹೆಸರು ಇಟ್ಟಿದ್ದಾರೆ. ಬೋರ್ಡ್ ಓದಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರು ಯಾರು, ಏನು ಮಾಡಿದ್ರು ಅಂತ ಕೇಳಿದರೆ ಹೇಳುವವರು ಕಡಿಮೆ.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ಸೀಮೆಯ ಕುದ್ಮುಲ್ ಎಂಬ ಹಳ್ಳಿಯ ಸಾರಸ್ವತ ಬ್ರಾಹ್ಮಣ ಮನೆಯಲ್ಲಿ. ಆಗ ಕುಂದಾಪುರದಿಂದ ಕಾಸರಗೋಡಿನ ತನಕ ಒಂದೇ ಜಿಲ್ಲೆ, ಮದ್ರಾಸು ಸರ್ಕಾರದ ಆಡಳಿತ. ಚಿಕ್ಕ ಪ್ರಾಯದಲ್ಲೇ ತಂದೆ ತೀರಿಹೋದರು. ಮನೆಯ ಭಾರ ಹೆಗಲಿಗೆ ಬಿತ್ತು. ಹೊಟ್ಟೆಪಾಡಿಗೆ ಮಂಗಳೂರು ಸೇರಿದ ಹುಡುಗ ಮೊದಲು ಮೇಷ್ಟ್ರಾಗಿ ದುಡಿದು, ಆಮೇಲೆ ಕಾನೂನು ಓದಿ ವಕೀಲರಾದರು. ಬಡವರ ಕೇಸು ಹಿಡಿಯುವ ವಕೀಲ ಅಂತ ಹೆಸರೂ ಬಂತು.

ಅಲ್ಲಿಗೇ ನಿಂತಿದ್ರೆ ಅವರ ಜೀವನ ಸುಖವಾಗಿಯೇ ಸಾಗ್ತಿತ್ತು. ಆದರೆ ಅದೇ ಕೋರ್ಟಿನಲ್ಲಿ ಒಂದು ಸಂಗತಿ ನಡೆಯಿತು. ಅಲ್ಪಸ್ವಲ್ಪ ಓದು ಕಲಿತ ಬೆಂದೂರು ಬಾಬು ಎಂಬ ದಲಿತ ಯುವಕನಿಗೆ ಕೋರ್ಟಿನಲ್ಲಿ ಜವಾನನ ಕೆಲಸ ಸಿಕ್ಕಿತು. ಮೇಲ್ಜಾತಿಯವರಿಗೆ ಅದನ್ನು ಸಹಿಸ್ಲಿಕ್ಕೆ ಆಗ್ಲಿಲ್ಲ. ಆತನಿಗೆ ವಿರೋಧ, ಅವಮಾನ ಎದುರಾಯಿತು.

ಕೋರ್ಟಿನಲ್ಲಿ ಇದ್ದವರು ದಡ್ಡರಲ್ಲ. ಕಾನೂನು ಓದಿದ ವಕೀಲರಿದ್ದರು, ಗುಮಾಸ್ತರಿದ್ದರು, ಕಕ್ಷಿದಾರರಿದ್ದರು. ನಡೆದದ್ದು ಎಲ್ಲರ ಕಣ್ಣೆದುರೇ. ಆದರೆ ಹೆಚ್ಚಿನವರಿಗೆ ಅದು ಹಿಂದಿನಿಂದ ನಡೆದುಕೊಂಡು ಬಂದ ಕ್ರಮ. ಕ್ರಮ ಅಂತ ಕಂಡವರಿಗೆ ಬಾಯಿ ತೆರೆಯುವ ಅಗತ್ಯವೇ ಕಾಣಲಿಲ್ಲ. ತಂದೆ ಇಲ್ಲದೆ ಊರು ಬಿಟ್ಟು ಬಂದು, ಓದು ಮತ್ತು ಕೆಲಸದಿಂದಲೇ ಬದುಕು ಕಂಡುಕೊಂಡಿದ್ದ ರಂಗರಾಯರಿಗೆ ಮಾತ್ರ ಅದು ಅನ್ಯಾಯವಾಗಿ ಕಂಡಿತು. ಜಾತಿಭೇದ ಒಪ್ಪದ ಬ್ರಹ್ಮಸಮಾಜದ ಒಡನಾಟವೂ ಅವರಿಗಿತ್ತು.

ಚಿಲಿಂಬಿಯಲ್ಲಿ ಶಾಲೆ

1892ರಲ್ಲಿ ಮಂಗಳೂರಿನ ಚಿಲಿಂಬಿಯಲ್ಲಿ ಬಾಡಿಗೆ ಜಾಗದಲ್ಲಿ ದಲಿತ ಮಕ್ಕಳಿಗೆ ಶಾಲೆ ಶುರು ಮಾಡಿದರು. ತೊಂದರೆಯೂ ಜೊತೆಗೇ ಶುರುವಾಯಿತು. ಪಾಠ ಹೇಳ್ಲಿಕ್ಕೆ ಹಿಂದೂ ಮೇಷ್ಟ್ರುಗಳು ಬರಲಿಲ್ಲ. ಕ್ರೈಸ್ತ ಶಿಕ್ಷಕರನ್ನು ಕರೆತಂದರೆ ಅದಕ್ಕೂ ಆಕ್ಷೇಪ ಎದ್ದಿತು. ಶಾಲೆಯನ್ನು ಒಂದೇ ಕಡೆ ಉಳಿಸಿಕೊಳ್ಳಲು ಆಗದೆ ಜಾಗ ಬದಲಾಯಿಸಬೇಕಾಯಿತು. ಸ್ವಂತ ಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಊರಿನಲ್ಲಿ ವ್ಯವಹಾರ ಮಾಡುವವನಿಗೆ ಬಹಿಷ್ಕಾರ ಅಂದ್ರೆ ಏನು ಅಂತ ಅಂಗಡಿ ನಡೆಸುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಂಗರಾಯರು ಅದಕ್ಕೂ ಜಗ್ಗಲಿಲ್ಲ.

ಇನ್ನೊಂದು ಕಷ್ಟ ಇತ್ತು. ಶಾಲೆ ತೆರೆದರೂ ಮಕ್ಕಳು ನಿಲ್ಲುತ್ತಿರಲಿಲ್ಲ. ದೂರದಿಂದ ನೋಡಿದವರು ಈ ಜನಕ್ಕೆ ಓದು ಬೇಡ ಅಂದುಬಿಡಬಹುದಿತ್ತು. ರಂಗರಾಯರು ಅದನ್ನು ಆ ಮನೆಯ ಜಗಲಿಯಲ್ಲಿ ನಿಂತು ನೋಡಿದರು. ಮಗು ಶಾಲೆಗೆ ಹೋದರೆ ಆ ದಿನದ ಕೆಲಸ ಹೋಯಿತು, ಕೆಲಸ ಹೋದರೆ ಊಟ ಹೋಯಿತು. ಹಾಗಾಗಿ ಶಾಲೆಗೆ ಬಂದ ಮಗುವಿಗೆ ದಿನಕ್ಕೆ 2 ಪೈಸೆ ಕೊಡುವ ಏರ್ಪಾಡು ಮಾಡಿದರು. ಮಧ್ಯಾಹ್ನ ಊಟ ಹಾಕಿಸಿದರು. ಈಗ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಕಾಣುವವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಅದು ಸಣ್ಣದಾಗಿರಲಿಲ್ಲ.

1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಓದಿನ ಜೊತೆಗೆ ಕೈಕಸುಬು ಕಲಿಸಿದರು, ಹಾಸ್ಟೆಲ್ ಮಾಡಿಸಿದರು, ಮನೆ ಕಟ್ಟಿಕೊಳ್ಳಲು ಭೂಮಿ ಕೊಡಿಸಿದರು. ಶಾಲೆಗಳು ಉಡುಪಿ ಕಡೆಗೂ ಬಂದವು. ಕೊರಗರ ಏಳಿಗೆಗೂ ಅವರು ದುಡಿದರು.

ಮನೆಯೊಳಗೂ ಅದೇ ಮಾತು

ಹೊರಗೆ ಭಾಷಣ, ಮನೆಯೊಳಗೆ ಜಾತಿ ಅನ್ನುವವರ ಸಾಲಿಗೆ ರಂಗರಾಯರು ಸೇರಲಿಲ್ಲ. ಮಗಳು ರಾಧಾಬಾಯಿಯ ಮದುವೆ ತಮಿಳುನಾಡಿನ ಬೇರೆ ಜಾತಿಯ ಪಿ. ಸುಬ್ಬರಾಯನ್ ಅವರ ಜೊತೆ ನಡೆಯಿತು. ಮುಂದೆ ಸುಬ್ಬರಾಯನ್ ಮದ್ರಾಸು ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದರು. ಮೊಮ್ಮಗ ಪಿ.ಪಿ. ಕುಮಾರಮಂಗಲಂ ಭಾರತೀಯ ಸೇನೆಯ ಮುಖ್ಯಸ್ಥರಾದರು.

1927ರಲ್ಲಿ ರಂಗರಾಯರು ಸನ್ಯಾಸ ತೆಗೆದುಕೊಂಡು ಈಶ್ವರಾನಂದ ಎಂಬ ಹೆಸರು ಪಡೆದರು. 1928ರ ಜನವರಿ 30ರಂದು ತೀರಿಕೊಂಡರು. ತನ್ನ ಹೆಣವನ್ನು ದಲಿತರೇ ಹೊರಬೇಕು ಅನ್ನುವುದು ಅವರ ಆಸೆಯಾಗಿತ್ತು, ಹಾಗೆಯೇ ನಡೆಯಿತು. ಆರು ವರ್ಷದ ನಂತರ, 1934ರಲ್ಲಿ, ಮಂಗಳೂರಿಗೆ ಬಂದ ಗಾಂಧೀಜಿ ರಂಗರಾಯರು ಕಟ್ಟಿದ ಸಂಸ್ಥೆಗೆ ಭೇಟಿ ಕೊಟ್ಟರು.

ಬೈಂದೂರು, ಕುಂದಾಪುರ ಕಡೆಯವರಿಗೆ ಇದು ದೂರದ ಕತೆಯೇನಲ್ಲ. ಕೊರಗರನ್ನು ಹೀನಾಯವಾಗಿ ಕಾಣುವ ಅಜಲು ಪದ್ಧತಿ ಕರಾವಳಿಯಲ್ಲಿ ಬಹಳ ಕಾಲ ನಡೆಯಿತು. ಅದನ್ನು ನಿಷೇಧಿಸುವ ಕಾಯಿದೆ ಬಂದದ್ದು 2000ದಲ್ಲಿ, ಅಂದರೆ ರಂಗರಾಯರು ಹೋಗಿ 72 ವರ್ಷ ಆದ ಮೇಲೆ. ಅಷ್ಟು ವರ್ಷ ನೋಡಿದವರೆಲ್ಲ ಕೆಟ್ಟವರಾಗಿದ್ದರು ಅಂತಲ್ಲ. ದಿನಾ ಕಣ್ಣಿಗೆ ಬೀಳುವುದು ತಪ್ಪು ಅಂತ ಕಾಣಲು ಒಮ್ಮೆಯಾದರೂ ಆಚೆ ಬದಿಗೆ ಹೋಗಿ ನಿಲ್ಲಬೇಕಿತ್ತು. ಹಾಗೆ ಹೋಗಿ ನಿಂತವರು ಕಡಿಮೆ.

ರಂಗರಾಯರ ಸಮಾಧಿ ಮಂಗಳೂರಿನ ನಂದಿಗುಡ್ಡೆಯಲ್ಲಿದೆ. ತನ್ನ ಶಾಲೆಯಲ್ಲಿ ಕಲಿತ ದಲಿತ ಮಕ್ಕಳು ಸರ್ಕಾರಿ ಕೆಲಸ ಹಿಡಿದು ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬುದು ಅವರು ಹೇಳಿಕೊಂಡಿದ್ದ ಆಸೆ. ಮಂಗಳೂರಿಗೆ ಹೋದವರು ಬಸ್ಸಿಗೆ ಹೊತ್ತಿದ್ದರೆ ಅಲ್ಲಿಗೂ ಒಮ್ಮೆ ಹೋಗಿ ಬರಬಹುದು.