ಪುರಾವೆಗೆ ತಲೆಬಾಗಿದ ವೈದ್ಯ: ಇವಾರ್ಟ್ಸ್ ಗ್ರಹಾಂ

ಮಕ್ಕಳೇ, ಎದೆಯ ಮೇಲೆ ಎರಡೂ ಕೈಗಳನ್ನಿಟ್ಟು ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಳ್ಳಿ. ಎದೆ ಉಬ್ಬಿತಲ್ಲವೇ? ಒಳಗಿರುವ ಎರಡು ಶ್ವಾಸಕೋಶಗಳು ಗಾಳಿಯಿಂದ ತುಂಬಿಕೊಂಡವು. ಇವುಗಳಲ್ಲಿ ಒಂದನ್ನು ಪೂರ್ತಿಯಾಗಿ ತೆಗೆದುಹಾಕಿದರೆ ಮನುಷ್ಯ ಬದುಕಬಲ್ಲನೇ? ಬದುಕಬಲ್ಲ! ಕ್ಯಾನ್ಸರ್ ರೋಗಿಯೊಬ್ಬರ ಇಡೀ ಶ್ವಾಸಕೋಶವನ್ನು ಒಂದೇ ಶಸ್ತ್ರಚಿಕಿತ್ಸೆಯಲ್ಲಿ ತೆಗೆದು ಅವರನ್ನು ಉಳಿಸಿದ ಮೊದಲಿಗರು ಅಮೆರಿಕದ ಡಾ. ಇವಾರ್ಟ್ಸ್ ಗ್ರಹಾಂ.

ಗ್ರಹಾಂ ಹುಟ್ಟಿದ್ದು 1883ರಲ್ಲಿ, ಷಿಕಾಗೋ ನಗರದಲ್ಲಿ. ತಂದೆಯೂ ಶಸ್ತ್ರವೈದ್ಯರೇ. 1907ರಲ್ಲಿ ವೈದ್ಯ ಪದವಿ ಪಡೆದ ಗ್ರಹಾಂ, ಅನಂತರ ರಸಾಯನಶಾಸ್ತ್ರವನ್ನೂ ಓದಿದರು. ಯಾವುದನ್ನೂ ಪರೀಕ್ಷಿಸದೆ ನಂಬಬಾರದು ಎಂಬುದು ಅವರ ಸ್ವಭಾವವಾಯಿತು.

ಎದೆಗೂಡು ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯಂತಿದೆ. ಅದಕ್ಕೆ ರಂಧ್ರ ಬಿದ್ದರೆ ಹೊರಗಿನ ಗಾಳಿ ಒಳನುಗ್ಗಿ ಶ್ವಾಸಕೋಶ ಕುಗ್ಗಿಬಿಡುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅನೇಕ ಸೈನಿಕರಿಗೆ ಎದೆಯಲ್ಲಿ ಕೀವು ತುಂಬುತ್ತಿತ್ತು. ವೈದ್ಯರು ಕೂಡಲೇ ಎದೆ ಕೊಯ್ದು ಕೀವು ತೆಗೆಯುತ್ತಿದ್ದರು. ಬಹಳ ಮಂದಿ ಸಾಯುತ್ತಿದ್ದರು. 1918ರಲ್ಲಿ ಗ್ರಹಾಂ ಮತ್ತು ಸಂಗಡಿಗರು ಇದರ ಕಾರಣ ಹುಡುಕಿದರು. ಮೊದಲು ಸೂಜಿಯಿಂದ ಕೀವು ಎಳೆದು, ಅದು ಗಟ್ಟಿಯಾದ ಮೇಲಷ್ಟೇ ಎದೆಯನ್ನು ತೆರೆಯಬೇಕು ಎಂದು ತೋರಿಸಿದರು. ಸಾವುಗಳು ಬಹಳಷ್ಟು ಕಡಿಮೆಯಾದವು. ಮರುವರ್ಷವೇ ಅವರು ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾದರು.

1933ರಲ್ಲಿ 48 ವರ್ಷದ ರೋಗಿಯೊಬ್ಬರು ಅಲ್ಲಿಗೆ ಬಂದರು. ಅವರೂ ವೈದ್ಯರೇ. ಎಕ್ಸ್-ರೇ ಚಿತ್ರದಲ್ಲಿ ಎಡ ಶ್ವಾಸಕೋಶದಲ್ಲಿ ನೆರಳೊಂದು ಕಂಡಿತು. ನೆರಳು ಕಂಡ ಮಾತ್ರಕ್ಕೆ ಕ್ಯಾನ್ಸರ್ ಎನ್ನಲಾಗದು. ಕ್ಷಯರೋಗದಲ್ಲೂ ನೆರಳು ಕಾಣಬಹುದು. ಆದ್ದರಿಂದ ಶ್ವಾಸನಾಳದೊಳಗೆ ಕೊಳವೆ ಇಳಿಸಿ ಗಡ್ಡೆಯ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕ್ಯಾನ್ಸರ್ ಖಚಿತವಾಯಿತು.

ಏಪ್ರಿಲ್ 5ರಂದು ಶಸ್ತ್ರಚಿಕಿತ್ಸೆ ನಡೆಯಿತು. ಎಡ ಶ್ವಾಸಕೋಶದ ಮೇಲಿನ ಹಾಲೆಯನ್ನಷ್ಟೇ ತೆಗೆಯುವುದು ಗ್ರಹಾಂ ಅವರ ಯೋಜನೆಯಾಗಿತ್ತು. ಎದೆ ತೆರೆದಾಗ ಅಷ್ಟು ಸಾಲದೆಂದು ತಿಳಿಯಿತು. ಇಡೀ ಶ್ವಾಸಕೋಶವನ್ನೇ ತೆಗೆಯಬೇಕಿತ್ತು. ಅದಕ್ಕೂ ಮೊದಲು ಹಾಗೆ ಮಾಡಿದಾಗ ಕ್ಯಾನ್ಸರ್ ರೋಗಿಗಳು ಉಳಿದಿರಲಿಲ್ಲ. ಗ್ರಹಾಂ ಧೈರ್ಯ ಮಾಡಿದರು. ಉಳಿದ ಖಾಲಿ ಜಾಗ ಮುಚ್ಚಿಕೊಳ್ಳಲೆಂದು ಕೆಲವು ಪಕ್ಕೆಲುಬುಗಳನ್ನೂ ತೆಗೆದರು. ರೋಗಿ ಚೇತರಿಸಿಕೊಂಡು ಮತ್ತೆ ವೈದ್ಯವೃತ್ತಿ ಮಾಡಿದರು. ಒಂದೇ ಶ್ವಾಸಕೋಶದಿಂದ 1963ರವರೆಗೆ ಬದುಕಿದರು!

ಆದರೆ ಎಲ್ಲ ಗಡ್ಡೆಗಳೂ ಹೀಗೆ ಕೈಗೆ ಸಿಗುವುದಿಲ್ಲ. ಶ್ವಾಸಕೋಶದ ಮೇಲ್ತುದಿ ಕೊರಳಿನ ಬುಡದವರೆಗೆ ಬರುತ್ತದೆ. ಕೈಗೆ ಹೋಗುವ ನರಗಳೂ ರಕ್ತನಾಳಗಳೂ ಅದರ ಪಕ್ಕದಲ್ಲೇ ಇವೆ. ಅಲ್ಲಿ ಗಡ್ಡೆಯಾದರೆ ಕೆಮ್ಮಿಗಿಂತ ಮೊದಲು ಭುಜ, ತೋಳು ನೋಯಬಹುದು. ಒಂದು ಕಣ್ಣಿನ ರೆಪ್ಪೆ ಜೋಲಬಹುದು. ಫಿಲಡೆಲ್ಫಿಯಾದ ಎಕ್ಸ್-ರೇ ತಜ್ಞ ಹೆನ್ರಿ ಪ್ಯಾನ್‌ಕೋಸ್ಟ್ ಇದನ್ನು 1924 ಮತ್ತು 1932ರಲ್ಲಿ ವಿವರಿಸಿದರು. ಇದನ್ನು ತೆಗೆಯಲು ಸಾಧ್ಯವೇ ಇಲ್ಲವೆಂದು ಬಹುಕಾಲ ನಂಬಲಾಗಿತ್ತು. ಮೊದಲು ವಿಕಿರಣದಿಂದ ಗಡ್ಡೆಯನ್ನು ಕುಗ್ಗಿಸಿ ಬಳಿಕ ತೆಗೆಯುವ ವಿಧಾನವನ್ನು ಡಲ್ಲಾಸ್ ನಗರದ ವೈದ್ಯರು 1961ರಲ್ಲಿ ಪ್ರಕಟಿಸಿದರು.

ಹಾಗಾದರೆ ಈ ಗಡ್ಡೆ ಹುಟ್ಟುವುದಾದರೂ ಏಕೆ? ಗ್ರಹಾಂ ಅವರ ಕಾಲೇಜಿನ ವಿದ್ಯಾರ್ಥಿ ಅರ್ನ್‌ಸ್ಟ್ ವೈಂಡರ್‌ಗೆ ಧೂಮಪಾನದ ಮೇಲೆ ಅನುಮಾನ. ಗ್ರಹಾಂ ಸ್ವತಃ ಸಿಗರೇಟು ಸೇದುತ್ತಿದ್ದರು, ಅವರು ನಂಬಲಿಲ್ಲ. ಸಿಗರೇಟಿನಂತೆ ನೈಲಾನ್ ಕಾಲುಚೀಲಗಳ ಮಾರಾಟವೂ ಹೆಚ್ಚಿದೆಯಲ್ಲ, ಅದೂ ಕಾರಣವೇ ಎಂಬುದು ಅವರ ವಾದ. ಪ್ರಶ್ನೆ ಸರಿಯಾದದ್ದೇ. ಎರಡು ಸಂಗತಿ ಒಟ್ಟಿಗೆ ಹೆಚ್ಚಿದರೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ. ಆದರೂ ಅವರು ಹುಡುಗನನ್ನು ತಡೆಯಲಿಲ್ಲ. ಇಬ್ಬರೂ ಸೇರಿ 684 ರೋಗಿಗಳ ವಿವರ ಕಲೆಹಾಕಿ 1950ರಲ್ಲಿ ಪ್ರಕಟಿಸಿದರು. ಗಂಡಸರಲ್ಲಿ ಶೇಕಡಾ 96ಕ್ಕೂ ಹೆಚ್ಚು ಮಂದಿ ಹಲವು ವರ್ಷಗಳಿಂದ ಧೂಮಪಾನ ಮಾಡುತ್ತಿದ್ದವರು! ಬೇರೆ ಕಾಯಿಲೆಯ ರೋಗಿಗಳಲ್ಲಿ ಈ ಪ್ರಮಾಣ ಅಷ್ಟಿರಲಿಲ್ಲ. 1953ರಲ್ಲಿ ಸಿಗರೇಟು ಹೊಗೆಯ ಟಾರನ್ನು ಇಲಿಗಳ ಬೆನ್ನಿಗೆ ಹಚ್ಚಿ ನೋಡಿದಾಗ, ಶೇಕಡಾ 44ರಷ್ಟು ಇಲಿಗಳಿಗೆ ಕ್ಯಾನ್ಸರ್ ಬಂದಿತ್ತು.

ಪುರಾವೆ ಕಣ್ಣೆದುರಿಗಿತ್ತು. ಗ್ರಹಾಂ ತಮ್ಮ ಅಭಿಪ್ರಾಯ ಬದಲಿಸಿಕೊಂಡರು, ಸಿಗರೇಟನ್ನೂ ಬಿಟ್ಟರು. ಆದರೆ ಅಷ್ಟರಲ್ಲಿ 50 ವರ್ಷ ಸೇದಿಯಾಗಿತ್ತು. 1957ರಲ್ಲಿ ಅವರ ಎರಡೂ ಶ್ವಾಸಕೋಶಗಳಲ್ಲಿ ಕ್ಯಾನ್ಸರ್ ಕಂಡಿತು. ಒಂದರಲ್ಲಿದ್ದರೆ ತೆಗೆಯಬಹುದಿತ್ತೇನೋ, ಎರಡನ್ನೂ ತೆಗೆಯುವುದು ಹೇಗೆ? ಅದೇ ವರ್ಷ ಮಾರ್ಚ್ 4ರಂದು ಅವರು ತೀರಿಕೊಂಡರು. ಅವರು ಉಳಿಸಿದ ರೋಗಿ ಆಗಿನ್ನೂ ಬದುಕಿದ್ದರು.

ಶಾಲೆಯ 100 ಗಜದೊಳಗೆ ತಂಬಾಕು ಮಾರಬಾರದೆಂಬ ಕಾನೂನು ನಮ್ಮ ದೇಶದಲ್ಲಿ 2003ರಲ್ಲಿ ಬಂತು. ಅದರ ಹಿಂದೆ ಇಂತಹ ಸಂಶೋಧನೆಗಳಿವೆ. ನಿಮ್ಮ ಮನೆಯಲ್ಲಿ ಯಾರಾದರೂ ಬೀಡಿ, ಸಿಗರೇಟು ಸೇದುತ್ತಿದ್ದರೆ ಇಂದು ಸಂಜೆ ಅವರ ಪಕ್ಕ ಕುಳಿತು ಗ್ರಹಾಂ ಅವರ ಕಥೆಯನ್ನು ಓದಿ ಹೇಳುವಿರಾ?